ಹೆಲೀನರ ದೇವತೆಗಳು ಮತ್ತು ವಾರಸಿನ ಪ್ರಶ್ನೆ

1. ಪ್ರಶ್ನೆಯ ಸ್ವರೂಪ

ಪ್ರಾಚೀನ ಗ್ರೀಸಿನ ದೇವತೆಗಳ ಹೆಸರನ್ನು ಕೇಳದ ವಿದ್ಯಾವಂತರು ಇಂದು ವಿರಳ. ಜ್ಯೂಸ್, ಅಪೊಲೊ, ಅಥೀನಾ, ಡಿಮೀಟರ್ ಮೊದಲಾದ ನಾಮಗಳು ಕಾವ್ಯದಲ್ಲಿ, ಚಿತ್ರಶಿಲ್ಪಗಳಲ್ಲಿ, ಖಗೋಳದ ನಾಮಾವಳಿಯಲ್ಲಿ, ಕಡೆಗೆ ವ್ಯಾಪಾರದ ಮುದ್ರೆಗಳಲ್ಲಿಯೂ ಹರಡಿಕೊಂಡಿವೆ. ಆದರೆ ಈ ದೇವತೆಗಳನ್ನು ದೇವತೆಗಳೆಂದೇ ನಂಬಿ, ಅವರಿಗೆ ಧೂಪ ನೈವೇದ್ಯಗಳನ್ನು ಅರ್ಪಿಸುವ ಜನರು ಗ್ರೀಸ್ ದೇಶದಲ್ಲಿ ಇಂದಿಗೂ ಇದ್ದಾರೆಂಬುದನ್ನು ಅರಿತವರು ಬಹಳವಿಲ್ಲ. ಅವರ ಸಂಖ್ಯೆ ದೊಡ್ಡದಲ್ಲ. ಅವರು ಎತ್ತಿರುವ ಪ್ರಶ್ನೆ ಮಾತ್ರ ದೊಡ್ಡದು.

ಆ ಪ್ರಶ್ನೆಯ ಸ್ವರೂಪವನ್ನು ತಿಳಿಯಲು ಒಂದು ಉದಾಹರಣೆ ಸಾಕು. ಒಲಿಂಪಿಕ್ ಕ್ರೀಡೆಗಳಿಗೆ ಮುನ್ನ ಒಲಿಂಪಿಯಾ ಕ್ಷೇತ್ರದಲ್ಲಿ ಹೀರಾದೇವಿಯ ಗುಡಿಯ ಅವಶೇಷಗಳ ಮುಂದೆ ಒಂದು ವಿಧಿ ಜರುಗುತ್ತದೆ. ಪುರಾತನ ಉಡುಪನ್ನು ತೊಟ್ಟ ನಟಿಯೊಬ್ಬಳು ಪ್ರಧಾನ ಪೂಜಾರಿಣಿಯ ಪಾತ್ರದಲ್ಲಿ ನಿಂತು, ಅಪೊಲೊವನ್ನು ಪ್ರಾರ್ಥಿಸಿ, ನಿಮ್ನದರ್ಪಣದಿಂದ ಸೂರ್ಯಕಿರಣಗಳನ್ನು ಕೂಡಿಸಿ ಪಂಜನ್ನು ಹೊತ್ತಿಸುತ್ತಾಳೆ. ಈ ಪಂಜಿನ ಓಟ ಪ್ರಾಚೀನವಾದುದಲ್ಲ. 1936ರ ಬರ್ಲಿನ್ ಕ್ರೀಡೆಗಳಿಗಾಗಿ, ನಾಜಿ ಆಡಳಿತದಲ್ಲಿ, ಕಾರ್ಲ್ ಡೀಮ್ ಎಂಬ ಜರ್ಮನ್ ಸಂಘಟಕನ ಯೋಜನೆಯಂತೆ ಮೊದಲಾದುದು. ಅಂದಿನಿಂದ ಈ ಪ್ರಾರ್ಥನೆಗೆ ಜಗತ್ತಿನ ರಾಷ್ಟ್ರಗಳ ಗೌರವ ಸಲ್ಲುತ್ತ ಬಂದಿದೆ. ಅದೇ ಅಪೊಲೊವನ್ನು ಮನಃಪೂರ್ವಕವಾಗಿ ಪ್ರಾರ್ಥಿಸುವ ಗ್ರೀಕರ ಧರ್ಮಕ್ಕೆ ಗ್ರೀಕ್ ಸರ್ಕಾರದ ಮನ್ನಣೆ ದೊರೆತುದು 2017ರಲ್ಲಿ. ಎಂಬತ್ತು ವರ್ಷಗಳ ಕಾಲ ನಟನೆಯ ಪ್ರಾರ್ಥನೆಗೆ ಇದ್ದ ಸ್ಥಾನ ನಿಜವಾದ ಪ್ರಾರ್ಥನೆಗೆ ಇರಲಿಲ್ಲ.

ಈ ವೈಚಿತ್ರ್ಯಕ್ಕೆ ಕಾರಣವೇನು? ಒಂದು ಸಂಸ್ಕೃತಿ ಮತ್ತೊಂದರಿಂದ ಪಡೆಯುವುದು ಲೋಕದಲ್ಲಿ ಸಹಜ, ಅದನ್ನು ಸ್ವೀಕರಣವೆನ್ನಬಹುದು. ಅಪಹರಣವೆಂಬುದು ಬೇರೆ. ಇವೆರಡರ ನಡುವಣ ಗೆರೆಯನ್ನು ಎಲ್ಲಿ ಎಳೆಯಬೇಕು? ಗ್ರೀಕ್ ಧರ್ಮದ ಇತಿಹಾಸವನ್ನು ಅನುಸರಿಸಿ ನೋಡಿದರೆ, ಗೆರೆ ಇರುವುದು ಪಡೆಯುವುದರಲ್ಲಿ ಅಲ್ಲ, ವಾರಸುದಾರರೇ ಇಲ್ಲವೆಂದು ಸಾರಿ ಪಡೆಯುವುದರಲ್ಲಿ ಎಂದು ತೋರಿಬರುತ್ತದೆ.

2. ಹೆಸರಿನ ಚರಿತ್ರೆ

ಗ್ರೀಕರು ತಮ್ಮನ್ನು ಕರೆದುಕೊಳ್ಳುವ ಹೆಸರು ‘ಹೆಲೀನ್’. ‘ಗ್ರೀಕ್’ ಎಂಬುದು ಲ್ಯಾಟಿನ್ ಮೂಲಕ ಪರರ ಬಾಯಲ್ಲಿ ರೂಢಿಗೆ ಬಂದುದು. ನಮ್ಮವರ ‘ಯವನ’ ಶಬ್ದ ಅಯೋನಿಯರ ಹೆಸರಿನಿಂದ ಹುಟ್ಟಿದುದು. ಹೆಲೀನರೆಂದರೆ ಯಾರೆಂಬುದಕ್ಕೆ ಪ್ರಾಚೀನರಲ್ಲಿಯೇ ಎರಡು ಉತ್ತರಗಳು ದೊರೆಯುತ್ತವೆ. ಕ್ರಿ. ಪೂ. ಐದನೆಯ ಶತಮಾನದ ಚರಿತ್ರಕಾರ ಹೆರಡೋಟಸ್, ಪಾರಸಿಕರೊಡನೆ ಸಂಧಿಮಾಡಿಕೊಳ್ಳಲಾರೆವೆಂದು ಅಥೆನ್ಸಿನವರು ಸ್ಪಾರ್ಟಾದ ದೂತರಿಗೆ ಹೇಳುವ ಸಂದರ್ಭದಲ್ಲಿ, ಹೆಲೀನತ್ವಕ್ಕೆ ನಾಲ್ಕು ಲಕ್ಷಣಗಳನ್ನು ಕೊಡಿಸಿದ್ದಾನೆ: ಒಂದೇ ರಕ್ತ, ಒಂದೇ ಭಾಷೆ, ಸಮಾನವಾದ ದೇವಸ್ಥಾನಗಳೂ ಬಲಿಗಳೂ, ಒಂದೇ ಬಗೆಯ ನಡೆವಳಿಕೆ. ಸುಮಾರು ಕ್ರಿ. ಪೂ. 380ರಲ್ಲಿ ಐಸೊಕ್ರೆಟಿಸ್ ಎಂಬ ವಾಗ್ಮಿ ಬೇರೆ ಮಾತನ್ನಾಡಿದನು. ಹೆಲೀನರೆಂಬ ಹೆಸರು ಇನ್ನು ಕುಲವನ್ನು ಸೂಚಿಸದೆ ಬುದ್ಧಿಸಂಸ್ಕಾರವನ್ನು ಸೂಚಿಸುತ್ತದೆ. ಸಮಾನರಕ್ತದವರಿಗಿಂತ ಅಥೆನ್ಸಿನ ವಿದ್ಯೆಯಲ್ಲಿ ಪಾಲುಳ್ಳವರೇ ಹೆಚ್ಚಾಗಿ ಆ ಹೆಸರಿಗೆ ಅರ್ಹರು ಎಂಬುದು ಅವನ ಅಭಿಪ್ರಾಯ. ಹೆರಡೋಟಸನ ಲಕ್ಷಣದಲ್ಲಿ ದೇವತೆಗಳಿದ್ದಾರೆ. ಐಸೊಕ್ರೆಟಿಸನ ಮಾತಿನಲ್ಲಿ ಅವರ ಪ್ರಸ್ತಾಪವಿಲ್ಲ. ಮುಂದಿನ ವಿವಾದಗಳಿಗೆಲ್ಲ ಇಲ್ಲಿಯೇ ಬೀಜವಿದೆ.

ಕ್ರೈಸ್ತಮತ ಹರಡಿದ ಮೇಲೆ ಹೆಸರಿನ ಅರ್ಥ ತಿರುಗಿತು. ಹೊಸ ಒಡಂಬಡಿಕೆಯಲ್ಲಿಯೇ ‘ಹೆಲೀನ್’ ಎಂಬ ಮಾತು ಯೆಹೂದ್ಯನಲ್ಲದವನು ಎಂಬ ಅರ್ಥದಲ್ಲಿ ಬಳಕೆಯಾಗಿದೆ. ನಾಲ್ಕನೆಯ ಶತಮಾನದ ಹೊತ್ತಿಗೆ ಅದು ಹಳೆಯ ದೇವತೆಗಳನ್ನು ಪೂಜಿಸುವವನೆಂಬ ಅರ್ಥದಲ್ಲಿ ನಿಂತಿತು. ಹೋಮರನನ್ನು ಓದಿ ಬೆಳೆದು ಗ್ರೀಕ್ ಭಾಷೆಯಲ್ಲಿಯೇ ಆಡುತ್ತಿದ್ದ ಕ್ರೈಸ್ತನು ತಾನು ಹೆಲೀನನಲ್ಲವೆಂದನು. ಆಗ ಹೋಮರನು ಯಾರವನು? ಈ ಪ್ರಶ್ನೆಯನ್ನು ನೇರವಾಗಿ ಎತ್ತಿದವನು ರೋಮನ್ ಚಕ್ರವರ್ತಿ ಜೂಲಿಯನ್. ಕ್ರೈಸ್ತನಾಗಿ ಬೆಳೆದು ಹಳೆಯ ಧರ್ಮಕ್ಕೆ ಮರಳಿದ್ದ ಅವನು 361ರಿಂದ 363ರ ವರೆಗೆ ಆಳಿದನು. 362ರಲ್ಲಿ ಅವನು ಉಪಾಧ್ಯಾಯರ ವಿಷಯವಾಗಿ ಶಾಸನವನ್ನು ಹೊರಡಿಸಿ, ಅದಕ್ಕೆ ತನ್ನ ಪತ್ರವೊಂದರಲ್ಲಿ ಸಮರ್ಥನೆಯನ್ನು ಕೊಟ್ಟನು. ಹೋಮರ್, ಹೆಸಿಯಡ್ ಮೊದಲಾದವರು ದೇವತೆಗಳನ್ನು ತಮ್ಮ ವಿದ್ಯೆಗೆಲ್ಲ ಮಾರ್ಗದರ್ಶಕರೆಂದು ಭಾವಿಸಿದವರು. ಆ ದೇವತೆಗಳನ್ನು ಹಳಿಯುತ್ತ ಅವರ ಗ್ರಂಥಗಳಿಂದ ಸಂಬಳ ಪಡೆಯುವುದು ಅಪ್ರಾಮಾಣಿಕತೆ. ನಂಬಿಕೆಯಿಲ್ಲದವರು ತಮ್ಮ ಚರ್ಚುಗಳಿಗೆ ಹೋಗಿ ಮತ್ತಾಯ ಲೂಕರನ್ನು ವಿವರಿಸಲಿ ಎಂಬುದು ಅದರ ಸಾರಾಂಶ.

ಇದಕ್ಕೆ ನಜಿಯಾನ್‌ಜಸ್ ಊರಿನ ಗ್ರೆಗರಿ ಕೊಟ್ಟ ಉತ್ತರವೂ ಅಷ್ಟೇ ಮಾರ್ಮಿಕವಾಗಿದೆ. ಭಾಷೆಯೂ ಸಾಹಿತ್ಯವೂ ಅವನ್ನು ಕಲಿತವರೆಲ್ಲರ ಸೊತ್ತು, ಪೂಜೆಮಾಡುವವರ ಸೊತ್ತು ಮಾತ್ರವಲ್ಲ. ಮೂಲವನ್ನೇ ಹಿಡಿದು ಹೊರಟರೆ ಅಕ್ಷರಗಳು ಫಿನೀಷಿಯನರವಾಗುತ್ತವೆ, ವಿಧಿಗಳು ಪರದೇಶಗಳವಾಗುತ್ತವೆ, ಹೆಲೀನರಿಗೆ ಉಳಿಯುವುದೇನು ಎಂದು ಅವನು ಕೇಳಿದನು. ಜೂಲಿಯನನ ಶಾಸನವನ್ನು ಅವನ ಪಕ್ಷದವನೇ ಆದ ಚರಿತ್ರಕಾರ ಅಮಿಯಾನಸ್ ಕೂಡ ಕಠಿನವೆಂದು ಖಂಡಿಸಿದನು. ಸಾಂಸ್ಕೃತಿಕ ಅಪಹರಣವನ್ನು ಕುರಿತು ಇಂದು ನಡೆಯುತ್ತಿರುವ ಚರ್ಚೆಯ ಎರಡು ಪಕ್ಷಗಳೂ ಹದಿನಾರು ಶತಮಾನಗಳ ಹಿಂದೆಯೇ ಇಷ್ಟು ಸ್ಪಷ್ಟವಾಗಿ ಮಂಡಿತವಾಗಿದ್ದುವು.

ತೀರ್ಪನ್ನು ಕೊಟ್ಟುದು ವಾದವಲ್ಲ, ಅಧಿಕಾರ. ಥಿಯೊಡೋಸಿಯಸ್ ಚಕ್ರವರ್ತಿಯ 391 ಮತ್ತು 392ರ ಶಾಸನಗಳು ಬಲಿಯನ್ನೂ ದೇವಾಲಯಪ್ರವೇಶವನ್ನೂ ನಿಷೇಧಿಸಿದುವು. ಮನೆಯೊಳಗೆ ಗೃಹದೇವತೆಗಳಿಗೆ ದೀಪಧೂಪಗಳನ್ನಿಡುವುದೂ ಅಪರಾಧವಾಯಿತು. 529ರಲ್ಲಿ ಜಸ್ಟಿನಿಯನನ ಕಾಲದಲ್ಲಿ ಅಥೆನ್ಸಿನ ತತ್ತ್ವಶಾಸ್ತ್ರದ ಪಾಠಶಾಲೆ ಮುಚ್ಚಿತು. ಪಾರ್ಥೆನಾನ್ ಮೇರಿಮಾತೆಯ ಚರ್ಚಾಯಿತು. ಗ್ರೀಕ್ ಮಾತನಾಡುವ ಜನರು ತಮ್ಮನ್ನು ‘ರೋಮನರು’ ಎಂದು ಕರೆದುಕೊಂಡರು; ಹೆಲೀನ್ ಎಂಬುದು ಬೈಗುಳಾಗಿ ಉಳಿಯಿತು. ಪೆಲೊಪೊನೀಸಿನ ದಕ್ಷಿಣದ ತುದಿಯಲ್ಲಿರುವ ಮಾನಿ ಪ್ರದೇಶದವರು ಮೊದಲನೆಯ ಬೇಸಿಲನ ಕಾಲದಲ್ಲಿ, ಎಂದರೆ 867ರಿಂದ 886ರ ಒಳಗೆ, ಕ್ರೈಸ್ತರಾದರೆಂದೂ ಹಿಂದೆ ವಿಗ್ರಹಾರಾಧಕರಾಗಿದ್ದುದರಿಂದ ನೆರೆಯವರು ಅವರನ್ನು ಇನ್ನೂ ಹೆಲೀನರೆಂದು ಕರೆಯುತ್ತಾರೆಂದೂ ಹತ್ತನೆಯ ಶತಮಾನದ ಚಕ್ರವರ್ತಿ ಏಳನೆಯ ಕಾನ್‌ಸ್ಟಂಟೈನ್ ಬರೆದಿದ್ದಾನೆ.

ಹೆಸರನ್ನೂ ದೇವತೆಗಳನ್ನೂ ಮತ್ತೆ ಒಂದುಗೂಡಿಸಲು ಯತ್ನಿಸಿದವನು ಮಿಸ್ತ್ರಾ ನಗರದ ತತ್ತ್ವಜ್ಞ ಗೆಮಿಸ್ತೊಸ್ ಪ್ಲೀಥೊನ್. ಭಾಷೆಯೂ ಪಿತ್ರಾರ್ಜಿತ ವಿದ್ಯೆಯೂ ಸಾಕ್ಷಿಯಾಗಿ ತಾವು ಹೆಲೀನರೇ ಎಂದು ಅವನು ತನ್ನ ಚಕ್ರವರ್ತಿಗೆ ಬರೆದನು. ಜ್ಯೂಸನನ್ನು ಪರದೈವವಾಗಿಟ್ಟು ಪೂಜಾವಿಧಿಗಳನ್ನೂ ಸ್ತೋತ್ರಗಳನ್ನೂ ಒಳಗೊಂಡ ‘ನೊಮೊಯ್’ ಎಂಬ ಧರ್ಮಶಾಸ್ತ್ರವನ್ನು ರಹಸ್ಯವಾಗಿ ರಚಿಸಿದನು. ಅವನ ಮರಣಾನಂತರ ಅದು ಕಾನ್‌ಸ್ಟಂಟಿನೋಪಲಿನ ಪ್ರಧಾನ ಧರ್ಮಾಧ್ಯಕ್ಷ ಗೆನಾಡಿಯಸನ ಕೈಗೆ ಬಂದು ಅಗ್ನಿಗೆ ಆಹುತಿಯಾಯಿತು. ಕೆಲವು ಭಾಗಗಳು ಮಾತ್ರ ಉಳಿದಿವೆ. ಪ್ಲೀಥೊನನ ಅಸ್ಥಿಗಳನ್ನು ಇಟಲಿಯ ಸಾಮಂತ ಸಿಗಿಸ್ಮೊಂಡೊ ಮಾಲಟೆಸ್ಟಾ ಒಯ್ದು ರಿಮಿನಿ ನಗರದ ದೇವಾಲಯದಲ್ಲಿಟ್ಟನು. ಸ್ವದೇಶದಲ್ಲಿ ಗ್ರಂಥದಹನ, ಪರದೇಶದಲ್ಲಿ ಅಸ್ಥಿಗೌರವ: ಮುಂದಿನ ನಾಲ್ಕು ಶತಮಾನಗಳ ಕಥೆಯೆಲ್ಲ ಈ ಎರಡು ಘಟನೆಗಳಲ್ಲಿ ಅಡಗಿದೆ.

3. ಯುರೋಪಿನ ಗ್ರೀಸು, ಗ್ರೀಕರ ಗ್ರೀಸು

ಹದಿನೆಂಟನೆಯ ಶತಮಾನದಲ್ಲಿ ಪಶ್ಚಿಮ ಯುರೋಪು ಗ್ರೀಸನ್ನು ಹೊಸದಾಗಿ ಕಂಡುಕೊಂಡಿತು. ಕಂಡುಕೊಂಡುದು ಬಹುಮಟ್ಟಿಗೆ ಪುಸ್ತಕಗಳಲ್ಲಿ ಮತ್ತು ರೋಮಿನ ವಿಗ್ರಹಶಾಲೆಗಳಲ್ಲಿ. ಪ್ರಾಚೀನರ ಅನುಕರಣದಿಂದಲೇ ಮಹತ್ತ್ವ ಸಾಧ್ಯವೆಂದು 1755ರಲ್ಲಿ ಸಾರಿದ ವಿಂಕೆಲ್‌ಮನ್ ಗ್ರೀಸ್ ನೆಲವನ್ನು ಎಂದೂ ಮೆಟ್ಟಲಿಲ್ಲ. 1788ರಲ್ಲಿ ಜರ್ಮನ್ ಕವಿ ಷಿಲರ್ ಗ್ರೀಸಿನ ದೇವತೆಗಳ ಅಗಲಿಕೆಗಾಗಿ ಶೋಕಿಸಿ ಕವಿತೆಯನ್ನು ಬರೆದನು. ಶೋಕವು ಪ್ರಾಮಾಣಿಕವಾದುದೇ; ಆದರೆ ಸತ್ತವರಿಗಾಗಿ ಶೋಕಿಸುವವನು ಆಸ್ತಿಯನ್ನು ನೋಡಿಕೊಳ್ಳುವ ಭಾರವನ್ನೂ ತಾನೇ ವಹಿಸಿಕೊಳ್ಳುವುದುಂಟು. ದೇವತೆಗಳು ಸತ್ತರು, ಅವರ ಜನವೂ ಸತ್ತಿತು, ಉಳಿದುದಕ್ಕೆ ಸುಸಂಸ್ಕೃತ ಯುರೋಪೇ ವಾರಸುದಾರ ಎಂಬ ಭಾವನೆ ಹೀಗೆ ಬೆಳೆಯಿತು. ಲಾರ್ಡ್ ಎಲ್ಗಿನ್ 1801ರಿಂದ ಪಾರ್ಥೆನಾನಿನ ಶಿಲ್ಪಗಳನ್ನು ಕಳಚಿಸಿ ಸಾಗಿಸಿದುದೂ, ಬ್ರಿಟಿಷ್ ಪಾರ್ಲಿಮೆಂಟು 1816ರಲ್ಲಿ ಅವನ್ನು 35,000 ಪೌಂಡುಗಳಿಗೆ ಕೊಂಡುದೂ ಈ ಭಾವನೆಯ ನೆರಳಿನಲ್ಲಿಯೇ. 1830ರಲ್ಲಿ ಫಾಲ್‌ಮೆರಾಯರ್ ಎಂಬ ಜರ್ಮನ್ ವಿದ್ವಾಂಸನು ಇನ್ನೂ ಮುಂದೆ ಹೋಗಿ, ಸ್ಲಾವರ ವಲಸೆಯಿಂದ ಹಳೆಯ ಕುಲ ಪೂರ್ತಿಯಾಗಿ ನಾಶವಾಯಿತೆಂದೂ ಈಗಿನ ಗ್ರೀಕರಲ್ಲಿ ಹೆಲೀನರ ರಕ್ತ ಲೇಶವೂ ಇಲ್ಲವೆಂದೂ ವಾದಿಸಿದನು.

ಇತ್ತ ಗ್ರೀಕರಲ್ಲಿ ಏನು ನಡೆಯುತ್ತಿತ್ತು? ಸ್ವಾತಂತ್ರ್ಯಕ್ಕೆ ಮುನ್ನಿನ ದಶಕಗಳಲ್ಲಿ ಹಡಗುಗಳಿಗೆ ಅಗಮೆಮ್ನಾನ್, ಥೆಮಿಸ್ಟೊಕ್ಲೀಸ್ ಎಂಬ ಹೆಸರುಗಳನ್ನಿಡುವ, ಮಕ್ಕಳಿಗೂ ಪುರಾತನ ನಾಮಗಳನ್ನು ಕೊಡುವ ಉತ್ಸಾಹ ಹುಟ್ಟಿತು. 1819ರಲ್ಲಿ ಪ್ರಧಾನ ಧರ್ಮಾಧ್ಯಕ್ಷ ಐದನೆಯ ಗ್ರೆಗರಿ ಈ ನಾಮಕರಣವನ್ನು ಖಂಡಿಸಿ ಸುತ್ತೋಲೆಯನ್ನು ಹೊರಡಿಸಿದನು. ಆದರೂ ಹೆಸರು ಗೆದ್ದಿತು. 1821ರಲ್ಲಿ ದಂಗೆಯೆದ್ದವರು ರೋಮನರೆಂಬ ಹೆಸರನ್ನು ಬಿಟ್ಟು ಹೆಲೀನರೆಂದು ಜಗತ್ತಿಗೆ ಸಾರಿಕೊಂಡರು. ಗೆದ್ದ ಹೆಸರಿನ ಜೊತೆಗೆ ದೇವತೆಗಳು ಮಾತ್ರ ಬರಲಿಲ್ಲ. 1822ರ ಎಪಿಡಾರಸ್ ಸಂವಿಧಾನ ದೇಶದ ನಿವಾಸಿಗಳಲ್ಲಿ ಕ್ರಿಸ್ತನನ್ನು ನಂಬುವವರೇ ಹೆಲೀನರೆಂದು ನಿರೂಪಿಸಿತು. ಸಾವಿರದೈನೂರು ವರ್ಷಗಳ ಹಿಂದೆ ಕ್ರಿಸ್ತನನ್ನು ನಂಬದವನಿಗೆ ಇದ್ದ ಹೆಸರು ಈಗ ನಂಬುವವನಿಗೆ ಮೀಸಲಾಯಿತು. ಕಾನ್‌ಸ್ಟಂಟೈನ್ ಪಪಾರಿಗೊಪೌಲಸ್ 1860ರಿಂದ 1874ರ ವರೆಗೆ ಪ್ರಕಟಿಸಿದ ದೊಡ್ಡ ಇತಿಹಾಸದಲ್ಲಿ ಪ್ರಾಚೀನ, ಬೈಜಾಂಟಿಯಮ್, ಆಧುನಿಕ ಎಂಬ ಮೂರು ಕಾಲಗಳನ್ನು ಒಂದೇ ಜನಾಂಗದ ಅಖಂಡ ಜೀವನವಾಗಿ ಚಿತ್ರಿಸಿ ಫಾಲ್‌ಮೆರಾಯರನಿಗೆ ಉತ್ತರವಿತ್ತನು. ಈ ಉತ್ತರದಿಂದ ಗ್ರೀಕ್ ಜನಕ್ಕೆ ಪೂರ್ವಜರು ದೊರೆತರು. ಪೂರ್ವಜರ ದೇವತೆಗಳು ವಸ್ತುಸಂಗ್ರಹಾಲಯಗಳಲ್ಲಿಯೇ ಉಳಿದರು.

4. ಡಿಮೀಟರ್ ದೇವಿಯ ಮೂರು ಪ್ರಸಂಗಗಳು

ಗ್ರೀಕ್ ದೇವತೆಗಳನ್ನು ಪರರು ಪಡೆದ ರೀತಿಗಳು ಬಗೆಬಗೆಯಾಗಿವೆ. ಇವುಗಳ ಭೇದವನ್ನು ತಿಳಿಯಲು ಧಾನ್ಯದೇವತೆಯಾದ ಡಿಮೀಟರಳಿಗೆ ಸಂಬಂಧಿಸಿದ ಮೂರು ಪ್ರಸಂಗಗಳನ್ನು ಪರಿಶೀಲಿಸುವುದು ಉಪಯುಕ್ತ.

ಮೊದಲನೆಯದು ರೋಮಿನದು. ರೋಮನರು ತಮ್ಮ ಸಿರೀಸ್ ದೇವಿಯ ಪೂಜೆಯನ್ನು ಡಿಮೀಟರಳ ಗ್ರೀಕ್ ವಿಧಿಯಂತೆ ನಡೆಸಬೇಕೆಂದು ನಿಶ್ಚಯಿಸಿದಾಗ, ವಿಧಿಯನ್ನು ಬಲ್ಲ ಪೂಜಾರಿಣಿಯರನ್ನು ದಕ್ಷಿಣ ಇಟಲಿಯ ಗ್ರೀಕ್ ನಗರಗಳಾದ ನೇಪಲ್ಸ್, ವೇಲಿಯಾಗಳಿಂದ ಕರೆಸಿದರು. ಪೂಜೆ ಗ್ರೀಕರ ಕೈಯಿಂದ ನಡೆಯಬೇಕು. ಆದರೆ ರೋಮಿಗಾಗಿ ಪ್ರಾರ್ಥಿಸುವವಳು ರೋಮಿನವಳೇ ಆಗಿರಬೇಕು. ಆದುದರಿಂದ ಆ ಪೂಜಾರಿಣಿಯರಿಗೆ ಪೌರತ್ವವನ್ನು ಕೊಟ್ಟರೆಂದು ಸಿಸಿರೊ ತಿಳಿಸುತ್ತಾನೆ. ಗ್ರೀಕ್ ನಗರಗಳನ್ನು ಗೆದ್ದು ಸುಲಿದ ರೋಮನರು ನಿರಪರಾಧಿಗಳೆಂದು ಇದರ ಅರ್ಥವಲ್ಲ. ಆದರೆ ಈ ಒಂದು ವಿಷಯದಲ್ಲಿ ವಿಧಿಯ ಒಡೆತನ ಯಾರದೆಂಬುದನ್ನು ಅವರು ಮರೆಯಲಿಲ್ಲ.

ಎರಡನೆಯದು ಅಥೆನ್ಸಿನ ಸಮೀಪದ ಎಲ್ಯೂಸಿಸ್ ಕ್ಷೇತ್ರದ್ದು. ಡಿಮೀಟರಳ ರಹಸ್ಯದೀಕ್ಷೆ ಅಲ್ಲಿ ವರ್ಷವರ್ಷವೂ ನಡೆಯುತ್ತಿದ್ದಿತು. ಗ್ರೀಕ್ ಗುಡಿಗಳಲ್ಲಿ ಪ್ರವೇಶಕ್ಕೆ ನಿರ್ಬಂಧಗಳಿರಲಿಲ್ಲವೆಂದಲ್ಲ; ಸ್ಪಾರ್ಟಾದ ಅರಸು ಕ್ಲಿಯೊಮಿನೀಸ್ ಅಥೆನ್ಸಿನ ದುರ್ಗದ ಮೇಲಣ ಅಥೀನಾ ಮಂದಿರವನ್ನು ಹೊಕ್ಕಾಗ ಡೋರಿಯನರಿಗೆ ಅಲ್ಲಿ ಪ್ರವೇಶವಿಲ್ಲವೆಂದು ಪೂಜಾರಿಣಿ ತಡೆದುದನ್ನು ಹೆರಡೋಟಸ್ ಹೇಳಿದ್ದಾನೆ. ಎಲ್ಯೂಸಿಸಿನಲ್ಲಾದರೋ ಹುಟ್ಟನ್ನು ಕೇಳುತ್ತಿರಲಿಲ್ಲ. ಗ್ರೀಕ್ ಭಾಷೆಯನ್ನು ಬಲ್ಲವನಾಗಿರಬೇಕು, ಕೈಗೆ ರಕ್ತದ ಕಳಂಕ ತಟ್ಟಿರಬಾರದು ಎಂಬಿವು ನಿಯಮಗಳು. ಗುಲಾಮರೂ ಸ್ತ್ರೀಯರೂ ಪರದೇಶಿಗಳೂ ದೀಕ್ಷಿತರಾಗುತ್ತಿದ್ದರು. ಇನ್ನೂ ಹಿಂದಿನ ಕಾಲದ ಕಥೆಯಲ್ಲಿ, ಅಥೆನ್ಸಿನವನಲ್ಲದ ಹೆರಾಕ್ಲೀಸನಿಗೆ ದೀಕ್ಷೆ ಕೊಡುವುದಕ್ಕಾಗಿ ಪಿಲಿಯಸ್ ಎಂಬ ಅಥೆನ್ಸಿಗನು ಅವನನ್ನು ದತ್ತು ತೆಗೆದುಕೊಂಡನೆಂದು ಹೇಳಿದೆ. ಹೊರಗಿನವನು ಒಳಗೆ ಬರಬಹುದು. ಬರುವುದಕ್ಕೆ ಬಾಗಿಲುಂಟು, ಬಾಗಿಲಲ್ಲಿ ಕೇಳತಕ್ಕವರುಂಟು.

ಈ ಬಾಗಿಲಿನ ಮೂಲಕ ಒಳಗೆ ಹೋದವರಲ್ಲಿ ಒಬ್ಬ ಭಾರತೀಯನೂ ಇದ್ದನೆಂಬುದು ಗಮನಾರ್ಹ. ಆಗಸ್ಟಸ್ ಚಕ್ರವರ್ತಿಯ ಬಳಿಗೆ ಭಾರತದಿಂದ ಬಂದ ರಾಯಭಾರದಲ್ಲಿದ್ದ ಜರ್ಮರಸನೆಂಬವನು ಕ್ರಿ. ಪೂ. 20ರ ಸುಮಾರಿನಲ್ಲಿ ಎಲ್ಯೂಸಿಸಿನ ದೀಕ್ಷೆಯನ್ನು ಪಡೆದು, ಅನಂತರ ಅಥೆನ್ಸಿನಲ್ಲಿ ಅಗ್ನಿಪ್ರವೇಶ ಮಾಡಿದನೆಂದು ಡಿಯೊ ಕ್ಯಾಸಿಯಸ್ ಬರೆದಿದ್ದಾನೆ. ಸ್ಟ್ರೇಬೊ ಅವನ ಹೆಸರನ್ನು ಬೇರೊಂದು ರೂಪದಲ್ಲಿ ಕೊಟ್ಟು, ಸಮಾಧಿಯ ಲೇಖ ಅವನನ್ನು ಬಾರ್ಗೋಸದ ಭಾರತೀಯನೆಂದು ಕರೆಯುತ್ತಿತ್ತೆಂದು ತಿಳಿಸುತ್ತಾನೆ. ಬಾರ್ಗೋಸವೆಂದರೆ ಭರುಕಚ್ಛ, ಇಂದಿನ ಭರೂಚ್ ಎಂದು ವಿದ್ವಾಂಸರ ಊಹೆ. ದೀಕ್ಷೆಯನ್ನು ಗ್ರೀಕರ ನಿಯಮದಂತೆ ಪಡೆದು, ಮರಣವನ್ನು ತನ್ನವರ ಆಚಾರದಂತೆ ವರಿಸಿದ ಅವನು ಎರಡು ಧರ್ಮಗಳಲ್ಲಿ ಯಾವುದನ್ನೂ ಸುಲಿಯಲಿಲ್ಲ.

ಮೂರನೆಯ ಪ್ರಸಂಗವೂ ಎಲ್ಯೂಸಿಸಿನದೇ, ನಡೆದುದು 1801ರಲ್ಲಿ. ಆ ವೇಳೆಗೆ ಕ್ಷೇತ್ರ ಹಾಳಾಗಿ, ಅದರ ಮೇಲೆ ಒಂದು ಬಡಹಳ್ಳಿ ನಿಂತಿತ್ತು. ಕಣದ ಬಳಿ ಗೊಬ್ಬರದ ರಾಶಿಯಲ್ಲಿ ಕತ್ತಿನವರೆಗೆ ಹೂತುಹೋದ ಒಂದು ಸ್ತ್ರೀವಿಗ್ರಹವಿತ್ತು. ಕ್ರೈಸ್ತರಾದ ಹಳ್ಳಿಗರು ಅದನ್ನು ಪೂಜ್ಯವೆಂದು ಭಾವಿಸಿ, ಹಬ್ಬದ ದಿನಗಳಲ್ಲಿ ಮುಂದೆ ದೀಪವನ್ನಿಡುತ್ತಿದ್ದರು. ಹೊಲಗಳ ಫಲವತ್ತತೆ ಅದರ ಕೃಪೆಯೆಂದು ನಂಬಿದ್ದರು. ಕೇಂಬ್ರಿಜಿನ ಎಡ್ವರ್ಡ್ ಡೇನಿಯಲ್ ಕ್ಲಾರ್ಕ್ ಅದನ್ನು ಡಿಮೀಟರಳೆಂದೇ ಭಾವಿಸಿ ಒಯ್ಯಲು ನಿಶ್ಚಯಿಸಿದನು. ಅಥೆನ್ಸಿನ ತುರ್ಕಿ ಅಧಿಕಾರಿಗೆ ಒಂದು ಇಂಗ್ಲಿಷ್ ದೂರದರ್ಶಕವನ್ನು ಕಾಣಿಕೆಯಿತ್ತು ಅಪ್ಪಣೆ ಪಡೆದನು. ಸಾಗಿಸುವ ಹಿಂದಿನ ಸಂಜೆ ಎತ್ತೊಂದು ನೊಗವನ್ನು ಕಿತ್ತುಕೊಂಡು ಬಂದು ವಿಗ್ರಹವನ್ನು ಕೊಂಬುಗಳಿಂದ ಇರಿಯಿತೆಂದೂ, ಹಳ್ಳಿಗರು ಇದನ್ನು ಅಪಶಕುನವೆಂದು ಬಗೆದು ಬೆಳೆ ಕೆಡುವುದೆಂದು ಹೆದರಿ ತಡೆದರೆಂದೂ ಕ್ಲಾರ್ಕನೇ ಬರೆದಿದ್ದಾನೆ. ವಿಗ್ರಹವನ್ನು ಹೊತ್ತ ಹಡಗು ಇಂಗ್ಲೆಂಡಿನ ದಕ್ಷಿಣ ತೀರದ ಬಳಿ ಒಡೆಯಿತು. ವಿಗ್ರಹವನ್ನು ಮಾತ್ರ ಹೊರತೆಗೆದರು. ಅದು ಇಂದು ಕೇಂಬ್ರಿಜಿನ ಫಿಟ್ಸ್‌ವಿಲಿಯಮ್ ವಸ್ತುಸಂಗ್ರಹಾಲಯದಲ್ಲಿದೆ. ಅದು ಡಿಮೀಟರಳ ವಿಗ್ರಹವಲ್ಲವೆಂದೂ ಒಳದ್ವಾರವನ್ನು ಹೊತ್ತುನಿಂತಿದ್ದ ಎರಡು ಸ್ತ್ರೀಮೂರ್ತಿಗಳಲ್ಲೊಂದೆಂದೂ ಆಮೇಲೆ ನಿಶ್ಚಿತವಾಯಿತು. ಅದರ ಜೊತೆಯ ಮೂರ್ತಿ ಎಲ್ಯೂಸಿಸಿನಲ್ಲಿಯೇ ಇದೆ.

ಇಲ್ಲಿ ಒಯ್ದವನಿಗೆ ದೇವಿಯ ಗ್ರೀಕ್ ಹೆಸರು, ಪುರಾಣ, ಶಿಲ್ಪಶಾಸ್ತ್ರಗಳು ತಿಳಿದಿದ್ದುವು. ಪೂಜಿಸುತ್ತಿದ್ದವರಿಗೆ ಅವಾವುವೂ ತಿಳಿದಿರಲಿಲ್ಲ. ವಿದ್ಯೆಯುಳ್ಳವನು ತನ್ನ ವಿದ್ಯೆಯನ್ನೇ ಹಕ್ಕುಪತ್ರವಾಗಿ ಬಳಸಿದನು. ದೀಪವನ್ನಿಟ್ಟವರ ಮಾತು ಮೂಢನಂಬಿಕೆಯಾಯಿತು. ರೋಮನರು ವಿಧಿಯ ಜೊತೆಗೆ ವಿಧಿಯನ್ನು ಬಲ್ಲವರನ್ನೂ ಕರೆಸಿ ಗೌರವಿಸಿದರು. ಜರ್ಮರಸನು ಬಾಗಿಲಲ್ಲಿ ಅಪ್ಪಣೆ ಪಡೆದನು. ಕ್ಲಾರ್ಕನಾದರೋ ಅಪ್ಪಣೆಯನ್ನು ಪಡೆದುದು ಆ ದೇವಿಯೊಡನೆ ಯಾವ ಸಂಬಂಧವೂ ಇಲ್ಲದ ಅಧಿಕಾರಿಯಿಂದ. ಸ್ವೀಕರಣಕ್ಕೂ ಅಪಹರಣಕ್ಕೂ ಇರುವ ಅಂತರ ಇದೇ.

5. ಪುನರುಜ್ಜೀವನವೂ ಅದರ ವಾದಗಳೂ

ಇಪ್ಪತ್ತನೆಯ ಶತಮಾನದ ಕಡೆಯಲ್ಲಿ ಗ್ರೀಸಿನಲ್ಲಿ ಹಳೆಯ ದೇವತೆಗಳ ಪೂಜೆ ಬಹಿರಂಗವಾಗಿ ಸಂಘಟಿತವಾಯಿತು. 1997ರಲ್ಲಿ ‘ಎಥ್ನಿಕ್ ಹೆಲೀನರ ಪರಮೋಚ್ಚ ಪರಿಷತ್ತು’ ಸ್ಥಾಪಿತವಾಯಿತು. ‘ಎಥ್ನಿಕೋಸ್’ ಎಂಬುದು ಪುರಾತನ ಕ್ರೈಸ್ತಗ್ರಂಥಗಳಲ್ಲಿ ಅನ್ಯಧರ್ಮೀಯನನ್ನು ಹೀಗಳೆಯುವ ಮಾತು. ಪರಿಷತ್ತು ಆ ಬೈಗುಳನ್ನೇ ಬಿರುದಾಗಿ ಧರಿಸಿತು. 2006ರಲ್ಲಿ ‘ಎಲ್ಲಿನಾಯಿಸ್’ ಎಂಬ ಇನ್ನೊಂದು ಸಂಘಕ್ಕೆ ಅಥೆನ್ಸಿನ ನ್ಯಾಯಾಲಯದಿಂದ ಮಾನ್ಯತೆ ದೊರೆಯಿತು. 2007ರ ಜನವರಿಯಲ್ಲಿ ಅದರ ಸದಸ್ಯರು ಅಥೆನ್ಸಿನ ಒಲಿಂಪಿಯನ್ ಜ್ಯೂಸನ ದೇವಾಲಯದ ಆವರಣದಲ್ಲಿ ಪ್ರಾರ್ಥನೆ ಸಲ್ಲಿಸಿದರು. ಪುರಾತನ ಸ್ಮಾರಕದ ರಕ್ಷಣೆಯ ದೃಷ್ಟಿಯಿಂದ ಅಲ್ಲಿ ಯಾವ ಸಮಾರಂಭಕ್ಕೂ ಅವಕಾಶವಿಲ್ಲವೆಂಬುದು ಸಂಸ್ಕೃತಿ ಸಚಿವಾಲಯದ ನಿಲುವಾಗಿದ್ದಿತು. 1975ರ ಸಂವಿಧಾನ ಪೂರ್ವದ ಸನಾತನ ಕ್ರೈಸ್ತಮತವನ್ನು ದೇಶದ ಪ್ರಧಾನ ಧರ್ಮವೆಂದು ಹೇಳಿ, ‘ತಿಳಿದ’ ಧರ್ಮಗಳಿಗೆ ಸ್ವಾತಂತ್ರ್ಯವನ್ನು ಕೊಟ್ಟಿದೆ. ಜ್ಯೂಸನ ಧರ್ಮ ಗ್ರೀಸಿನಲ್ಲಿ ‘ತಿಳಿದ’ ಧರ್ಮವೆನಿಸಿಕೊಳ್ಳಲು 2017ರ ವರೆಗೆ ಕಾಯಬೇಕಾಯಿತು.

ಈ ಅನುಯಾಯಿಗಳ ವಾದ ಮೂರು ದಿಕ್ಕುಗಳಿಗೆ ಮುಖಮಾಡಿದೆ. ಮೊದಲನೆಯದು ಸ್ವದೇಶದ ಸರ್ಕಾರ ಮತ್ತು ಚರ್ಚಿನ ಕಡೆಗೆ. ಪ್ರವಾಸಿಗಳಿಗೆ ದೇವಾಲಯಗಳನ್ನು ತೋರಿಸಿ ಹಣ ಪಡೆಯುವ ರಾಷ್ಟ್ರವು ಆ ದೇವಾಲಯಗಳಲ್ಲಿ ಪ್ರಾರ್ಥಿಸಬಂದವನನ್ನು ಹೊರಗಿಡುವುದು ಯಾವ ನ್ಯಾಯವೆಂದು ಅವರು ಕೇಳುತ್ತಾರೆ. ಎರಡನೆಯದು ಪಾಶ್ಚಾತ್ಯ ದೇಶಗಳ ನವೀನ ಪಂಥಗಳ ಕಡೆಗೆ. ಇಂಗ್ಲೆಂಡಿನಲ್ಲಿ 1950ರ ದಶಕದಿಂದ ಜೆರಾಲ್ಡ್ ಗಾರ್ಡ್‌ನರ್ ಪ್ರಚಾರಮಾಡಿದ ವಿಕ್ಕಾ ಪಂಥವೂ ಅದರಿಂದ ಕವಲೊಡೆದ ಅನೇಕ ಪಂಥಗಳೂ ಹೆಕಟೀ, ಪ್ಯಾನ್, ಆರ್ಟೆಮಿಸ್ ಮೊದಲಾದ ದೇವತೆಗಳನ್ನು ಈಜಿಪ್ಟ್, ಕೆಲ್ಟಿಕ್ ದೇವತೆಗಳೊಡನೆ ಬೆರೆಸಿ, ಅಂಗಡಿಯಲ್ಲಿ ಸಾಮಾನನ್ನು ಆರಿಸುವಂತೆ ಆರಿಸಿ ಆವಾಹಿಸುತ್ತವೆ. ಗ್ರೀಕ್ ಭಾಷೆಯನ್ನಾಗಲಿ, ಹಬ್ಬಗಳ ಪಂಚಾಂಗವನ್ನಾಗಲಿ, ಪೌರಧರ್ಮವನ್ನಾಗಲಿ ಅರಿಯದೆ ದೇವತೆಯ ಹೆಸರನ್ನು ಮಾತ್ರ ಎತ್ತಿಕೊಳ್ಳುವುದು ಪೂಜೆಯಲ್ಲ. ತಮ್ಮದು ಒಂದು ಜನಾಂಗದ ಜೀವನಕ್ರಮ, ಅದನ್ನು ಈ ನವೀನ ಪಂಥಗಳೊಡನೆ ಸೇರಿಸಬಾರದು ಎಂಬುದು ಪರಿಷತ್ತಿನ ಆಕ್ಷೇಪ. ಮೂರನೆಯದು ಹೆಲೀನರ ಚಿಹ್ನೆಗಳನ್ನು ಜನಾಂಗದ್ವೇಷಕ್ಕೆ ಬಳಸುವವರನ್ನು ಕುರಿತದ್ದು. ಬರ್ಲಿನ್ ಪಂಜಿನ ಉದಾಹರಣೆ ಆಗಲೇ ಬಂದಿದೆ. ಗ್ರೀಸಿನಲ್ಲಿಯೇ ‘ಗೋಲ್ಡನ್ ಡಾನ್’ ಪಕ್ಷವು ಪುರಾತನ ಮಡಕೆಗಳ ಅಂಚಿನ ಅಂಕುಡೊಂಕು ರೇಖೆಯನ್ನು ತನ್ನ ಚಿಹ್ನೆಯಾಗಿ ಮಾಡಿಕೊಂಡು ಥರ್ಮಾಪಿಲೆಯಲ್ಲಿ ಸಭೆಗಳನ್ನು ನಡೆಸಿತು. 2020ರ ಅಕ್ಟೋಬರಿನಲ್ಲಿ ನ್ಯಾಯಾಲಯ ಅದನ್ನು ಅಪರಾಧಿ ಸಂಘಟನೆಯೆಂದು ತೀರ್ಮಾನಿಸಿತು.

ಈ ವಾದಗಳಲ್ಲಿ ಬಲವಿದೆ, ದೌರ್ಬಲ್ಯವೂ ಇದೆ. ಮಾನಿ ಪ್ರದೇಶದ ಮತಾಂತರದಿಂದ ಎಣಿಸಿದರೂ ಪೂಜಾಪರಂಪರೆ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಕಡಿದುಹೋಯಿತು. ಇಂದಿನ ವಿಧಿಗಳು ಹೋಮರನಿಂದ, ಶಾಸನಗಳಿಂದ, ಪುರಾತತ್ತ್ವಜ್ಞರ ವರದಿಗಳಿಂದ ಪುನಾರಚಿತವಾದುವು. ಆ ವರದಿಗಳಲ್ಲಿ ಅನೇಕವು ಜರ್ಮನರವು, ಇಂಗ್ಲಿಷರವು, ಫ್ರೆಂಚರವು. ಪುಸ್ತಕದಿಂದ ಕಲಿತ ಪರದೇಶಿಯನ್ನು ಆಕ್ಷೇಪಿಸುವವನು ತಾನೂ ಪುಸ್ತಕದಿಂದಲೇ ಕಲಿತವನು. ಇನ್ನು ರಕ್ತದ ಆಧಾರವನ್ನು ಹಿಡಿದರೆ ಫಾಲ್‌ಮೆರಾಯರನ ಅಳತೆಗೋಲನ್ನೇ ಒಪ್ಪಿಕೊಂಡಂತಾಗುತ್ತದ್ದಲ್ಲದೆ, ತಾವು ದೂರವಿಡಬಯಸುವ ಜನಾಂಗದ್ವೇಷಿಗಳ ನೆರೆಗೆ ಹೋಗಿ ನಿಂತಂತೆಯೂ ಆಗುತ್ತದೆ.

6. ವಾರಸಿನ ನ್ಯಾಯ

ಹಾಗಾದರೆ ವಾರಸು ಯಾವುದರಿಂದ ಸಿದ್ಧಿಸುತ್ತದೆ? ನಮ್ಮ ಧರ್ಮಶಾಸ್ತ್ರಕಾರರು ದಾಯಭಾಗದ ಪ್ರಕರಣದಲ್ಲಿ ಇದೇ ಪ್ರಶ್ನೆಯನ್ನು ಬಿಡಿಸಿದ್ದಾರೆ. ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರದಲ್ಲಿ, ಸಪಿಂಡನೆಂದರೆ ಒಂದೇ ಶರೀರದ ಅಂಶಗಳಲ್ಲಿ ಪಾಲುಳ್ಳವನೆಂದು ಅರ್ಥಮಾಡಿ ವಾರಸನ್ನು ರಕ್ತಸಂಬಂಧದ ಮೇಲೆ ನಿಲ್ಲಿಸಿದನು. ವಂಗದೇಶದ ಜೀಮೂತವಾಹನನು ದಾಯಭಾಗದಲ್ಲಿ, ಮೃತನಿಗೆ ಪಿಂಡಪ್ರದಾನದಿಂದ ಉಪಕಾರ ಮಾಡಬಲ್ಲವನೇ ದಾಯಕ್ಕೆ ಅಧಿಕಾರಿಯೆಂದು ವಾದಿಸಿದನು. ಹೆರಡೋಟಸನ ಒಂದೇ ರಕ್ತ ಮೊದಲನೆಯ ಪಕ್ಷಕ್ಕೆ ಸಮೀಪ. ಐಸೊಕ್ರೆಟಿಸನ ವಿದ್ಯೆಯೊಂದರಿಂದಲೇ ಎರಡನೆಯ ಪಕ್ಷ ಸಿದ್ಧವಾಗುವುದಿಲ್ಲ. ವಿದ್ಯೆ ಕ್ಲಾರ್ಕನಿಗೂ ಇತ್ತು. ಅಲ್ಲಿ ಬೇಕಾದುದು ಋಣ ತೀರಿಸುವ ಹೊಣೆ. ದೇವತೆಗಳ ವಿಷಯದಲ್ಲಿ ಈ ಎರಡನೆಯ ನ್ಯಾಯವೇ ಹೆಚ್ಚು ಯುಕ್ತವಾಗಿ ಕಾಣುತ್ತದೆ. ಭಾಷೆಯನ್ನು ಕಲಿತು, ಹಬ್ಬಗಳನ್ನು ಆಚರಿಸಿ, ಕ್ಷೇತ್ರಗಳನ್ನು ಕಾಪಾಡಿ, ಅಪಹಾಸ್ಯಕ್ಕೂ ನಿರಾಕರಣೆಗೂ ಎದೆಗೊಟ್ಟು ನಿಂತವನು ಆ ಪರಂಪರೆಗೆ ವಾರಸುದಾರ. ಪರಂಪರೆ ನಡುವೆ ಕಡಿದಿತ್ತೆಂಬುದು ಅವನ ಹಕ್ಕಿಗೆ ಬಾಧಕವಲ್ಲ. ಎಲ್ಯೂಸಿಸಿನ ನಿಯಮವೂ ಇದನ್ನೇ ಸಾರುತ್ತದೆ. ಈ ನ್ಯಾಯದಂತೆ ಹೊರಗಿನವನು ಬರಬಾರದೆಂದಿಲ್ಲ. ಹಕ್ಕಿನೊಡನೆ ಹೊಣೆಯನ್ನೂ ಹೊರಬೇಕೆಂದಿದೆ.

ಹೀಗೆ ಹೊಣೆಹೊತ್ತು ಬಂದ ಹೊರಗಿನವರು ಭಾರತದಲ್ಲಿಯೂ ಇದ್ದರು. ವಿದಿಶಾ ಸಮೀಪದ ಬೆಸನಗರದಲ್ಲಿ ಕ್ರಿ. ಪೂ. ಎರಡನೆಯ ಶತಮಾನದ ಕಡೆಯಲ್ಲಿ ಗರುಡಧ್ವಜವನ್ನು ನಿಲ್ಲಿಸಿದ ಹೆಲಿಯೊಡೋರಸನು ಡಿಯೋನನ ಮಗನಾಗಿ, ತಕ್ಷಶಿಲೆಯಿಂದ ಬಂದ ಯವನದೂತನಾಗಿ ತನ್ನನ್ನು ಹೇಳಿಕೊಂಡು, ಅದರ ಜೊತೆಗೇ ಭಾಗವತನೆಂದೂ ಕರೆದುಕೊಂಡಿದ್ದಾನೆ. ಮುಂಬಯಿ ಪುಣೆಗಳ ನಡುವಣ ಕಾರ್ಲೆಯ ಚೈತ್ಯದ ಕಂಬಗಳಲ್ಲಿ ಧೇನುಕಾಕಟದ ಯವನರ ದಾನಗಳು ದಾಖಲಾಗಿವೆ. ಇವರು ದೇವರ ಹೆಸರನ್ನು ಮಾತ್ರ ಒಯ್ಯಲಿಲ್ಲ. ಕಂಬವನ್ನು ನಿಲ್ಲಿಸಿ ಹೋದರು.

ಈಜಿಪ್ಟಿನ ಆಕ್ಸಿರಿಂಕಸಿನಲ್ಲಿ ದೊರೆತು 1903ರಲ್ಲಿ ಪ್ರಕಟವಾದ, ಕ್ರಿ. ಶ. ಎರಡನೆಯ ಶತಮಾನದ ಗ್ರೀಕ್ ಪ್ರಹಸನವೊಂದರ ಹೆಸರು ಕನ್ನಡ ವಿದ್ವಾಂಸರಿಗೆ ಅಪರಿಚಿತವಲ್ಲ. ಅದರಲ್ಲಿ ಭಾರತೀಯ ಪಾತ್ರಗಳಾಡುವ ಮಾತು ಕನ್ನಡವಿರಬೇಕೆಂದು 1904ರಲ್ಲಿ ಹುಲ್ಷ್ ಸೂಚಿಸಿದನು, ಆರ್. ಶಾಮಶಾಸ್ತ್ರಿಗಳು ಆ ಪಕ್ಷವನ್ನು ಸಮರ್ಥಿಸಿದರು. ಒಪ್ಪದ ವಿದ್ವಾಂಸರೂ ಇದ್ದಾರೆ. ಭಾಷೆಯ ಚರ್ಚೆಯಲ್ಲಿ ಕಥೆಯ ಒಂದು ಭಾಗ ಹಿಂದೆ ಸರಿದುಹೋಗಿದೆ. ಪರದೇಶದ ದೇವಿಯ ಗುಡಿಯಲ್ಲಿ ಸೆರೆಯಾಗಿದ್ದ ಕಾರಿಟಿಯಾನ್ ಎಂಬ ಗ್ರೀಕ್ ಯುವತಿಯನ್ನು ಅವಳವರು ಬಿಡಿಸಿಕೊಂಡು ಹೊರಡುವಾಗ, ದೇವಿಯ ಕಾಣಿಕೆಗಳನ್ನೂ ಕದ್ದೊಯ್ಯೋಣವೆಂದು ವಿದೂಷಕನು ಸೂಚಿಸುತ್ತಾನೆ. ಅವಳು ಅದನ್ನು ತಡೆಯುತ್ತಾಳೆ: ದೇವತೆಗಳಿಂದ ರಕ್ಷಣೆಯನ್ನು ಬೇಡುವವರು ದೇವತೆಗಳ ಸೊತ್ತನ್ನು ಅಪಹರಿಸುತ್ತ ಅದನ್ನು ಬೇಡಬಾರದೆಂಬುದು ಅವಳ ವಾದ. ಆ ಗುಡಿ ಅವಳ ದೇಶದ್ದಲ್ಲ, ಆ ಜನ ಅವಳನ್ನು ಸೆರೆಯಿಟ್ಟವರು. ಆದರೂ ಅದು ವಾರಸುದಾರರಿಲ್ಲದ ಸೊತ್ತಲ್ಲವೆಂಬುದನ್ನು ಅವಳು ಬಲ್ಲಳು. ಹೆಲೀನರ ದೇವತೆಗಳನ್ನು ಇಂದು ಬಳಸುವ ಸ್ವದೇಶೀಯರೂ ಪರದೇಶೀಯರೂ ಅಷ್ಟನ್ನು ಒಪ್ಪಿಕೊಂಡರೆ ವಿವಾದದ ಬಹುಭಾಗ ಶಮನವಾದೀತು.